ಒಡಲೊಳಗಿನ ತಳವಾರ

ಪ್ರಮಾಣಿತ ಬೀಜವೆಂದು ಮಾರುವ ಚೀಲಕ್ಕೆ ನೀಲಿ ಚೀಟಿ ಇರತಕ್ಕದ್ದೆಂಬದನ್ನು, ಬೀಜದ ವ್ಯಾಪಾರಕ್ಕೆ ಹೆಸರಾದ ರಾಣೆಬೆನ್ನೂರಿನ ರೈತರಿಗೆ ನಾವು ಹೇಳಬೇಕಾದುದಿಲ್ಲ. ಚೀಟಿ ಇಲ್ಲವೆಂಬದೇ ಸಂಶಯಕ್ಕೆ ಸಾಕಾದ ಕಾರಣವು. ಇಂಥದೇ ಪರೀಕ್ಷೆಯು ನಮ್ಮೆಲ್ಲರ ರಕ್ತದಲ್ಲಿ ಹಗಲಿರುಳೂ ನಡೆದಿರುವದೆಂಬ ಸಂಗತಿಯನ್ನು ಇಂದು ವಾಚಕರ ಮುಂದಿಡಬಯಸುತ್ತೇವೆ.

1975ರಲ್ಲಿ ಸ್ವೀಡನ್ ದೇಶದ ಕೀಸ್ಲಿಂಗ್, ಕ್ಲೈನ್, ವಿಗ್ಜೆಲ್ ಎಂಬ ಪಂಡಿತರೂ ಅಮೇರಿಕೆಯ ಹರ್ಬರ್ಮನ್ನರೂ ಬೇರೆ ಬೇರೆಯಾಗಿ ಇಲಿಗಳಲ್ಲಿ ಒಂದು ಬಗೆಯ ಬಿಳಿ ರಕ್ತಕಣವನ್ನು ಕಂಡರು. ಮೊದಲು ಎಂದೂ ಎದುರಾಗದ ಅರ್ಬುದದ, ಅಂದರೆ ಕ್ಯಾನ್ಸರಿನ, ಕೋಶವನ್ನೂ ಅದು ಕೊಲ್ಲಬಲ್ಲದು. ಅದಕ್ಕೆ ‘ಸಹಜ ಹಂತಕ ಕೋಶ’ವೆಂದು ಹೆಸರು. ಮನುಷ್ಯರಲ್ಲಿಯೂ ಅದುಂಟು, ಒಡಲ ತಳವಾರನೆಂದು ನಾವದನ್ನು ಕರೆಯಬಹುದು. ಅವನು ತನ್ನವರನ್ನು ಬಿಟ್ಟು ವೈರಿಯನ್ನೇ ಆರಿಸುವದು ಹೇಗೆ? ಇದಕ್ಕೆ ಸ್ವೀಡನ್ನಿನವರೇ ಆದ ಕ್ಲಾಸ್ ಶೆರ್ರೆಯವರು 1980ರ ದಶಕದಲ್ಲಿ ಉತ್ತರ ಹೇಳಿದರು.

ನಿರೋಗಿಯಾದ ಕೋಶವು ತಾನು ಈ ದೇಹದ್ದೆಂದು ಸಾರುವ ಮುದ್ರೆಯನ್ನು ಮೈಮೇಲೆ ಧರಿಸಿರುವದು. ತನ್ನೊಳಗಿನ ಪದಾರ್ಥದ ತುಣುಕುಗಳನ್ನೂ ಆ ಮುದ್ರೆಯಲ್ಲಿಯೇ ತೋರಿಸುವದು. ಟಿ ಕೋಶವೆಂಬ ಇನ್ನೊಬ್ಬ ಕಾವಲುಗಾರನು ಆ ತುಣುಕನ್ನು ನೋಡಿ ಕೇಡನ್ನು ಹಿಡಿಯುವನು. ಅವನ ಕಣ್ಣು ತಪ್ಪಿಸಲು ಕೆಟ್ಟ ಕೋಶವು ಮುದ್ರೆಯನ್ನೇ ಕಳಚಿಹಾಕುವದುಂಟು. ಬಾಯಿಯ ಕ್ಯಾನ್ಸರಿನಲ್ಲಿ ಇದು ಅಪರೂಪವಲ್ಲ. ಆದರೆ ಮುದ್ರೆ ಕಾಣದಾದೊಡನೆ ನಮ್ಮ ತಳವಾರನನ್ನು ತಡೆದಿದ್ದ ಅಂಕೆಯು ಸಡಿಲುವದು. ಸಂಕಟಕ್ಕೀಡಾದ ಕೋಶದ ಮೇಲೆ ಮೂಡುವ ಬೇರೆ ಗುರುತುಗಳು ಅವನನ್ನು ಕೆರಳಿಸುವವು. ಎರಡನ್ನೂ ತೂಗಿ ನೋಡಿ ಅವನು ಕೈಮಾಡುವನು. ಪರ್ಫೋರಿನ್ ಎಂಬ ದ್ರವ್ಯದಿಂದ ವೈರಿಯ ಪೊರೆಗೆ ರಂಧ್ರ ಕೊರೆದು, ಗ್ರಾಂಜೈಮ್ ಎಂಬ ದ್ರವ್ಯವನ್ನು ಒಳಕ್ಕೆ ಬಿಡುವನು. ಆ ಕೋಶವು ತನ್ನನ್ನು ತಾನೇ ಕೊಂದುಕೊಳ್ಳುವದು.

ಇಷ್ಟು ಜಾಣನಾದ ತಳವಾರನೂ ಸೋಲುವನು. ಬೆಳೆದ ಗಡ್ಡೆಯು ಸಂಕಟದ ಗುರುತುಗಳನ್ನು ಉದುರಿಸಿ ಅವನನ್ನು ಮೋಸಗೊಳಿಸುವದು. ಅವನ ಬಲ ಕುಂದಿಸುವ ರಸಗಳನ್ನೂ ಸ್ರವಿಸುವದು. ಹೀಗಿರುವಾಗ ನಾವೇ ದಿನವೂ ಕಳ್ಳರನ್ನು ಕರೆದು ಒಳಗೆ ಬಿಟ್ಟುಕೊಂಡರೆ ಅವನೇನು ಮಾಡಿಯಾನು? ತಂಬಾಕಿನ ಕೇಡು ಎಲ್ಲರೂ ಬಲ್ಲ ಮಾತು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನ ಮಂಡಲಿಯು 2004ರಲ್ಲಿ ಪ್ರಕಟಿಸಿತು. 2013ರಲ್ಲಿ ನಮ್ಮ ರಾಜ್ಯ ಸರಕಾರವು ಗುಟಖಾವನ್ನು ನಿಷೇಧಿಸಿತು. ಆದರೆ ಅಡಿಕೆಯನ್ನೂ ತಂಬಾಕನ್ನೂ ಬೇರೆ ಬೇರೆ ಪಾಕೀಟಿನಲ್ಲಿ ಕೊಂಡು ಅಂಗೈಯಲ್ಲಿ ಕೂಡಿಸಿಕೊಳ್ಳುವವನನ್ನು ಯಾವ ಕಾಯಿದೆಯು ತಡೆದೀತು?

ಎರಡು ಮೂರು ವಾರಗಳಲ್ಲಿ ಮಾಯದ ಬಾಯಿಹುಣ್ಣು, ಬಿಳಿ ಇಲ್ಲವೆ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದ ಸ್ಥಿತಿ, ಇವನ್ನು ಬಚ್ಚಿಡದೆ ಕೂಡಲೇ ಊರ ಆಸ್ಪತ್ರೆಯಲ್ಲಿ ತೋರಿಸಬೇಕು. ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯುಂಟು. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯುಂಟು. ತಳವಾರನಿದ್ದಾನೆಂದು ಬಾಗಿಲು ತೆರೆದಿಟ್ಟು ಮಲಗುವ ಗೃಹಸ್ಥನು ನಮ್ಮ ಸೀಮೆಯಲ್ಲಿ ಇರಲಾರನು. ಬಾಯಿಯೂ ಒಂದು ಬಾಗಿಲೇ ಎಂಬದನ್ನು ವಾಚಕರು ಮರೆಯದಿರಲಿ.