ಪುಟ್ಟ ಕ್ಯಾಮೆರಾಗೆ ಕಪ್ಪು ಗಾಜು

ಕಣ್ಣು ಕುಕ್ಕುವ ಬಿಸಿಲಿನಲ್ಲಿ ಸಣ್ಣ ಕಾಂಪ್ಯಾಕ್ಟ್ ಕ್ಯಾಮೆರಾದ ಷಟರ್ ತೆರೆದು ಮುಚ್ಚುವುದಕ್ಕೆ ತೆಗೆದುಕೊಳ್ಳುವ ಹೊತ್ತು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಅಷ್ಟರಲ್ಲಿ ಧುಮುಕುವ ನೀರಿನ ಹನಿಯೂ ನಿಂತಲ್ಲೇ ನಿಂತಂತೆ ಸೆರೆಯಾಗುತ್ತದೆ. ಹಾಗಲ್ಲದೆ ನೀರು ಹರಿದದ್ದೇ ಚಿತ್ರದಲ್ಲಿ ಕಾಣಬೇಕು, ಮೋಡ ಆಕಾಶದಲ್ಲಿ ಗೆರೆ ಎಳೆಯಬೇಕು ಎಂದರೆ ಷಟರ್ ಅರ್ಧ ಸೆಕೆಂಡೋ ಐದು ಸೆಕೆಂಡೋ ತೆರೆದಿರಬೇಕು. ಹಗಲಲ್ಲಿ ಹಾಗೆ ತೆರೆದಿಟ್ಟರೆ ಚಿತ್ರವೆಲ್ಲ ಬೆಳ್ಳಗೆ ಸುಟ್ಟುಹೋಗುತ್ತದೆ. ಅದನ್ನು ತಡೆಯಲು ಲೆನ್ಸಿನ ಮುಂದೆ ಇಡುವ ಕಪ್ಪು ಗಾಜಿಗೆ ನ್ಯೂಟ್ರಲ್ ಡೆನ್ಸಿಟಿ ಫಿಲ್ಟರ್ ಅಥವಾ ಎನ್‌ಡಿ ಫಿಲ್ಟರ್ ಎನ್ನುತ್ತಾರೆ. ಇದೆಲ್ಲ ದೊಡ್ಡ ಕ್ಯಾಮೆರಾ ಇಟ್ಟುಕೊಂಡವರ ಬಾಬತ್ತು ಎಂಬ ಮಾತು ಛಾಯಾಗ್ರಾಹಕರ ನಡುವೆ ಚಾಲ್ತಿಯಲ್ಲಿದೆ. ನನ್ನ ಪ್ರಕಾರ ಅದು ತಿರುವುಮುರುವಾಗಿದೆ. ಈ ಗಾಜಿನ ಅಗತ್ಯ ಹೆಚ್ಚಿರುವುದು ಚಿಕ್ಕ ಕ್ಯಾಮೆರಾಗೇ.

ಕಾರಣ ಇರುವುದು ಬೆಳಕಿನ ಸ್ವಭಾವದಲ್ಲಿ. ಬೆಳಕು ಕಡಿಮೆ ಮಾಡಲು ಲೆನ್ಸಿನ ಕಿಂಡಿಯನ್ನು, ಅಂದರೆ ಅಪರ್ಚರನ್ನು ಕಿರಿದಾಗಿಸುವುದು ಎಲ್ಲರಿಗೂ ಗೊತ್ತಿರುವ ಉಪಾಯ. ದೊಡ್ಡ ಸೆನ್ಸರಿನ ಕ್ಯಾಮೆರಾದವರು ಎಫ್16ರವರೆಗೆ ಹೆಚ್ಚು ಅಳುಕಿಲ್ಲದೆ ಹೋಗಬಹುದು. ಆದರೆ ಕಿಂಡಿ ಚಿಕ್ಕದಾದಷ್ಟೂ ಅದರಲ್ಲಿ ಹಾಯುವ ಬೆಳಕು ಹರಡಿಕೊಳ್ಳುತ್ತದೆ. ಒಂದು ಚುಕ್ಕಿ ಚುಕ್ಕಿಯಾಗಿ ಉಳಿಯದೆ ಸಣ್ಣ ಬಿಲ್ಲೆಯಾಗುತ್ತದೆ. ಎಫ್8ರಲ್ಲಿ ಹಸಿರು ಬೆಳಕಿನ ಈ ಬಿಲ್ಲೆಯ ಅಗಲ ಸುಮಾರು 10 ಮೈಕ್ರಾನ್. ಸಾಮಾನ್ಯ ಕಾಂಪ್ಯಾಕ್ಟ್ ಕ್ಯಾಮೆರಾದ ಸೆನ್ಸರ್ 6 ಮಿಲಿಮೀಟರಿಗಿಂತ ತುಸು ಹೆಚ್ಚು ಅಗಲ, ಅದರ ಮೇಲಿನ ಒಂದೊಂದು ಪಿಕ್ಸೆಲ್ ಒಂದೂವರೆ ಮೈಕ್ರಾನ್ ಆಸುಪಾಸು. ಅಂದರೆ ಒಂದು ಪಿಕ್ಸೆಲ್‌ನಲ್ಲಿ ಕೂರಬೇಕಾದ ಚುಕ್ಕಿ ಆರೇಳು ಪಿಕ್ಸೆಲ್ ಅಗಲಕ್ಕೆ ಚೆಲ್ಲಿಕೊಂಡಿರುತ್ತದೆ, ಚಿತ್ರ ಮಸುಕಾಗುತ್ತದೆ. ಹೀಗಾಗಿಯೇ ಬಹುಪಾಲು ಚಿಕ್ಕ ಕ್ಯಾಮೆರಾಗಳ ಅಪರ್ಚರ್ ಎಫ್8ಕ್ಕೇ ನಿಂತುಬಿಡುತ್ತದೆ. ಸ್ಪಷ್ಟತೆ ಬೇಕಿದ್ದರೆ ಎಫ್4ರ ಹತ್ತಿರವೇ ಇರುವುದು ಮೇಲು. ತಯಾರಕರಿಗೂ ಇದು ಹೊಸದಲ್ಲ. ಕ್ಯಾನನ್ ಕಂಪನಿಯ ಅಗ್ಗದ ಇಕ್ಸಸ್ ಮಾದರಿಗಳಲ್ಲಿ ಹಲವಕ್ಕೆ ಕಿರಿದಾಗುವ ಅಪರ್ಚರೇ ಇರಲಿಲ್ಲ; ಬೆಳಕು ಜಾಸ್ತಿಯಾದಾಗ ಲೆನ್ಸಿನೊಳಗೆ ಒಂದು ಪುಟ್ಟ ಕಪ್ಪು ಫಿಲ್ಟರ್ ಅಡ್ಡ ಬರುತ್ತಿತ್ತು. ಅದೇ ಕಂಪನಿಯ ಜಿ ಸರಣಿಯ ಹಲವು ಕ್ಯಾಮೆರಾಗಳಲ್ಲೂ 2014ರ ಸೋನಿ ಆರ್‌ಎಕ್ಸ್100ರ ಮೂರನೆಯ ಮಾದರಿಯಲ್ಲೂ ಮೂರು ಸ್ಟಾಪಿನ ಫಿಲ್ಟರ್ ಒಳಗೇ ಇದೆ. ಹಾಗಾಗಿ ಹೊರಗಿನಿಂದ ಇನ್ನೊಂದು ಗಾಜು ಇಡುವವರು ಸಣ್ಣ ಕ್ಯಾಮೆರಾದ ಮೇಲೆ ಹೊಸದೇನನ್ನೂ ಹೇರುತ್ತಿಲ್ಲ.

ಸ್ಟಾಪ್ ಎಂದರೆ ಬೆಳಕನ್ನು ಒಮ್ಮೆ ಅರ್ಧ ಮಾಡುವುದು. ಮೂರು ಸ್ಟಾಪ್ ಎಂಟರಲ್ಲೊಂದು ಪಾಲು, ಆರು ಸ್ಟಾಪ್ ಅರವತ್ನಾಲ್ಕರಲ್ಲೊಂದು, ಹತ್ತು ಸ್ಟಾಪ್ ಹತ್ತಿರ ಹತ್ತಿರ ಸಾವಿರದಲ್ಲೊಂದು ಪಾಲು ಬೆಳಕನ್ನಷ್ಟೇ ಬಿಡುತ್ತವೆ. ಎನ್‌ಡಿ8, ಎನ್‌ಡಿ64, ಎನ್‌ಡಿ1000 ಎಂಬ ಹೆಸರುಗಳು ಬಂದದ್ದು ಹೀಗೆ. ಉಡುಪಿ ಬಳಿಯ ಕಾಪು ಕಡಲತೀರವನ್ನು ತೆಗೆದುಕೊಳ್ಳಿ. ಬಂಡೆಯ ಮೇಲೆ 1901ರ ದೀಪಸ್ತಂಭ, ಕೆಳಗೆ ಕಲ್ಲುಗಳಿಗೆ ಬಡಿಯುವ ತೆರೆ. ದಟ್ಟ ಮೋಡದ ದಿನ, ಐಎಸ್‌ಒ 100, ಎಫ್4 ಇಟ್ಟರೆ ಷಟರಿಗೆ ಸಿಗುವುದು ಸುಮಾರು 1/200 ಸೆಕೆಂಡ್. ಆರು ಸ್ಟಾಪಿನ ಗಾಜು ಹಾಕಿದರೆ ಅದು ಸೆಕೆಂಡಿನ ಮೂರನೇ ಒಂದು ಪಾಲಾಗುತ್ತದೆ: ಸಿಡಿದ ಹನಿಗಳೆಲ್ಲ ಎಳೆಗಳಾಗುತ್ತವೆ, ಹಿಂದೆ ಸರಿಯುವ ನೊರೆ ಕರಿಬಂಡೆಯ ಮೇಲೆ ಬಿಳಿ ಗೀರುಗಳನ್ನು ಬಿಡುತ್ತದೆ, ತೆರೆ ಯಾವ ಕಡೆಯಿಂದ ಬಂತೆಂಬುದು ತಿಳಿಯುತ್ತದೆ. ಹತ್ತು ಸ್ಟಾಪಿನದು ಹಾಕಿದರೆ ಐದು ಸೆಕೆಂಡು: ನೊರೆಯ ಮೇಲೆ ನೊರೆ ಕೂತು ಬಂಡೆಯ ಬುಡ ಬಿಳಿ ಮಬ್ಬಿನಲ್ಲಿ ಮುಚ್ಚಿಹೋಗುತ್ತದೆ, ನಡೆದು ಹೋದವರು ಕಾಣೆಯಾಗುತ್ತಾರೆ, ಗಾಳಿಗೆ ತೂಗುವ ತೆಂಗಿನ ಗರಿಗಳೂ ಕಲಸಿಹೋಗುತ್ತವೆ. ದೀಪಸ್ತಂಭ ಮಾತ್ರ ಖಡಕ್ಕಾಗಿ ನಿಂತಿರುತ್ತದೆ. ಎರಡರಲ್ಲಿ ಯಾವುದು ಚೆಂದ ಎಂಬುದು ಅವರವರ ಇಷ್ಟ. ಆದರೂ ನೀರನ್ನೆಲ್ಲ ಮಬ್ಬು ಮಾಡಿಬಿಡುವ ಚಟ ಇತ್ತೀಚೆಗೆ ಅತಿಯಾಗಿದೆ ಎಂದೇ ನನಗನ್ನಿಸುತ್ತದೆ. ಕಡಲು ಕಡಲಿನ ಹಾಗೆ ಕಾಣುವುದು ಆ ಸೆಕೆಂಡಿನೊಳಗಿನ ಚಿತ್ರದಲ್ಲೇ.

ಚಿಕ್ಕ ಕ್ಯಾಮೆರಾಗೆ ಗಾಜು ಬೇಕೆಂಬ ಮಾತಿಗೆ ಬರುವ ಗಟ್ಟಿಯಾದ ಆಕ್ಷೇಪ ಒಂದಿದೆ. ಈಗ ಮೊಬೈಲ್ ಫೋನೇ ಹಲವು ಚಿತ್ರಗಳನ್ನು ಸರಸರನೆ ತೆಗೆದು ಬೆರೆಸಿ ಇಂಥ ಪರಿಣಾಮ ಕೊಡುತ್ತದೆ. 2017ರಿಂದಲೇ ಐಫೋನಿನ ಲೈವ್ ಫೋಟೋದಲ್ಲಿ ಈ ಸೌಲಭ್ಯವಿದೆ. ಕಂಪ್ಯೂಟರಿನಲ್ಲೂ ನೂರು ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಸರಾಸರಿ ತೆಗೆಯಬಹುದು. ಹೀಗಿರುವಾಗ ಗಾಜು ಹೊತ್ತು ತಿರುಗುವುದೇಕೆ? ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಸರಾಸರಿ ತೆಗೆದ ಚಿತ್ರದಲ್ಲಿ ನಾಯ್ಸ್, ಅಂದರೆ ಕಾಳುಕಾಳಾದ ಕಲೆ, ಕಡಿಮೆ. ಹದಿನಾರು ಚಿತ್ರ ಸೇರಿಸಿದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ನಿಧಾನವಾಗಿ ತೇಲುವ ಮೋಡಕ್ಕೆ ಈ ವಿಧಾನ ಸಾಕು. ಆದರೆ ಲೆಕ್ಕ ನೋಡಿ: 1/200 ಸೆಕೆಂಡಿನ ನೂರು ಚಿತ್ರ ಸೇರಿದರೂ ಷಟರ್ ನಿಜವಾಗಿ ತೆರೆದಿದ್ದದ್ದು ಅರ್ಧ ಸೆಕೆಂಡು ಮಾತ್ರ, ಉಳಿದ ಹೊತ್ತಿನಲ್ಲಿ ನಡೆದದ್ದು ಯಾವ ಚಿತ್ರದಲ್ಲೂ ಇಲ್ಲ. ವೇಗವಾಗಿ ಸಿಡಿಯುವ ನೀರು ಅಲ್ಲಿ ಎಳೆಯಾಗದೆ, ನಿಂತ ಹನಿಗಳ ರಾಶಿಯಾಗಿ ಕಾಣುತ್ತದೆ. ನಿರಂತರತೆ ಬೇಕಾದರೆ ಒಂದೇ ಸಲ ಉದ್ದಕ್ಕೆ ತೆರೆಯಬೇಕು, ಅದಕ್ಕೆ ಗಾಜೇ ಬೇಕು.

ಎರಡನೆಯ ಆಕ್ಷೇಪ ಇನ್ನೂ ಪ್ರಾಯೋಗಿಕವಾದದ್ದು: ಕಾಂಪ್ಯಾಕ್ಟ್ ಕ್ಯಾಮೆರಾದ ಲೆನ್ಸಿಗೆ ಫಿಲ್ಟರ್ ತಿರುಗಿಸಿ ಕೂರಿಸುವ ತಿರುಪಿನ ಮರೆಯೇ ಇಲ್ಲವಲ್ಲ! ನಿಜ. ಕೆಲವು ಮಾದರಿಗಳಿಗೆ ಕಂಪನಿಯವರದೇ ಅಡಾಪ್ಟರ್ ಸಿಗುತ್ತದೆ. ಆರ್‌ಎಕ್ಸ್100ಕ್ಕೆ 49 ಮಿಲಿಮೀಟರ್ ಫಿಲ್ಟರ್ ಹಿಡಿಯುವ ಅಂಥದ್ದೊಂದಿದೆ. ಉಳಿದವಕ್ಕೆ ಲೆನ್ಸಿನ ಅಂಚಿಗೆ ತೆಳು ಉಂಗುರ ಅಂಟಿಸಿ, ಅಯಸ್ಕಾಂತದ ಫಿಲ್ಟರ್ ಕಚ್ಚಿಸಬಹುದು. ಎರಡು ಎಚ್ಚರ ಬೇಕು. ಒಳಗೆ ಹೊರಗೆ ಸರಿಯುವ ಈ ಲೆನ್ಸುಗಳ ಮೋಟರ್ ಬಲಹೀನ, ಭಾರದ ಗಾಜು ಅದಕ್ಕೆ ಆಗಿಬರುವುದಿಲ್ಲ. ಕ್ಯಾಮೆರಾ ಆಫ್ ಮಾಡುವ ಮೊದಲು ಫಿಲ್ಟರ್ ತೆಗೆದುಬಿಡಬೇಕು. ಇನ್ನು ಪೂರ್ತಿ ಅಗಲದ ಕೋನದಲ್ಲಿ ಚಿತ್ರದ ಮೂಲೆಗಳು ಕಪ್ಪಾದರೆ ತುಸು ಜೂಮ್ ಮಾಡಿದರಾಯಿತು. ಏನೂ ಇಲ್ಲದಿದ್ದರೆ ಗಾಜನ್ನು ಕೈಯಲ್ಲೇ ಲೆನ್ಸಿಗೆ ತಾಗದಂತೆ ಹತ್ತಿರ ಹಿಡಿದು, ಸಂದಿಯಿಂದ ಬೆಳಕು ನುಸುಳದಂತೆ ಸುತ್ತ ಕಪ್ಪು ಬಟ್ಟೆ ಮರೆಮಾಡಿದರೂ ಕೆಲಸ ನಡೆಯುತ್ತದೆ.

ಗಾಜು ಬಂದ ಮೇಲೆ ಕ್ಯಾಮೆರಾ ಕುರುಡಾಗುತ್ತದೆ. ಚಿತ್ರದಲ್ಲಿನ ಬೆಳಕು ನೆರಳಿನ ಅಂತರ ನೋಡಿಯೇ ಫೋಕಸ್ ಮಾಡುವ ಆಟೋಫೋಕಸ್‌ಗೆ ಹತ್ತು ಸ್ಟಾಪಿನ ಕತ್ತಲಲ್ಲಿ ಹಿಡಿತ ಸಿಗುವುದಿಲ್ಲ. ಆದ್ದರಿಂದ ಮೊದಲು ಫೋಕಸ್ ಮಾಡಿ ಲಾಕ್ ಮಾಡಬೇಕು, ಆಮೇಲೆ ಫಿಲ್ಟರ್ ಇಡಬೇಕು. ಟ್ರೈಪಾಡ್ ಅನಿವಾರ್ಯ, ಬಟನ್ ಒತ್ತಿದ ಅದುರು ಹೋಗಲು ಎರಡು ಸೆಕೆಂಡಿನ ಸೆಲ್ಫ್ ಟೈಮರ್ ಸಾಕು. ಹಂಪಿ, ಪಟ್ಟದಕಲ್ಲಿನಂಥ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಮೊದಲೇ ಅನುಮತಿ ಪಡೆಯಬೇಕಾಗುತ್ತದೆ, ನೆನಪಿರಲಿ. ಹದಿನೈದು ಸೆಕೆಂಡಿನ ಚಿತ್ರ ತೆಗೆದ ಮೇಲೆ ಕೆಲವು ಕ್ಯಾಮೆರಾ ಮತ್ತೆ ಅಷ್ಟೇ ಹೊತ್ತು ಸುಮ್ಮನಾಗುತ್ತದೆ. ಕೆಟ್ಟಿತೆಂದು ಗಾಬರಿ ಬೇಡ. ಷಟರ್ ಮುಚ್ಚಿಕೊಂಡು ಇನ್ನೊಂದು ಖಾಲಿ ಚಿತ್ರ ತೆಗೆದು, ಅದರಲ್ಲಿ ಕಂಡ ನಾಯ್ಸನ್ನು ಮೊದಲಿನದರಿಂದ ಕಳೆಯುತ್ತಿರುತ್ತದೆ.

ಅಗ್ಗದ ಕಪ್ಪು ಗಾಜು ಬಣ್ಣ ಕೆಡಿಸುತ್ತದೆ ಎಂಬುದೂ ಸುಳ್ಳಲ್ಲ. ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಇನ್‌ಫ್ರಾರೆಡ್ ಅನ್ನು ಹಾಗೇ ಬಿಟ್ಟುಬಿಡುವುದರಿಂದ ಚಿತ್ರಕ್ಕೆ ಕಂದು ಛಾಯೆ ಹತ್ತುತ್ತದೆ. ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ರಾ ಕಡತವಿದ್ದರೆ ಅದನ್ನು ಬಹುಮಟ್ಟಿಗೆ ಸರಿಪಡಿಸಬಹುದು. ವೆಲ್ಡಿಂಗ್ ಗಾಜು ಬಳಸುವವರೂ ಇದ್ದಾರೆ. 10ನೇ ನಂಬರಿನದು ಹದಿಮೂರು ಸ್ಟಾಪಿನಷ್ಟು ಬೆಳಕು ತಡೆಯುತ್ತದೆ, ಆದರೆ ಎಲ್ಲವನ್ನೂ ಹಸಿರು ಮಾಡುತ್ತದೆ. ಆ ಚಿತ್ರಗಳಿಗೆ ಕಪ್ಪು ಬಿಳುಪೇ ಗತಿ. ಎನ್‌ಡಿ1000 ಎಷ್ಟು ಕಪ್ಪಾಗಿ ಕಂಡರೂ ಅದರ ಮೂಲಕ ಸೂರ್ಯನನ್ನು ಬರಿಗಣ್ಣಿನಿಂದ ನೋಡಲೇಬಾರದು. ಕಣ್ಣು ಉಳಿಸುವ ಶಕ್ತಿ ಅದಕ್ಕಿಲ್ಲ.

ಒಂದೇ ಗಾಜು ಕೊಳ್ಳುವುದಾದರೆ ಹೆಚ್ಚಿನವರು ಹತ್ತು ಸ್ಟಾಪಿನದಕ್ಕೆ ಕೈಹಾಕುತ್ತಾರೆ. ಚಿಕ್ಕ ಕ್ಯಾಮೆರಾದವರಿಗೆ ನಾನು ಹೇಳುವುದು ಆರು ಸ್ಟಾಪಿನದನ್ನು. ಮರಗಳ ನೆರಳಿನ ತೊರೆಯಲ್ಲಿ ಅದು ಒಂದು ಸೆಕೆಂಡಿನಷ್ಟು, ಮುಸ್ಸಂಜೆಯಲ್ಲಿ ಎರಡು ಮೂರು ಸೆಕೆಂಡಿನಷ್ಟು ಹೊತ್ತು ಕೊಡುತ್ತದೆ. ಅದೇ ಮುಸ್ಸಂಜೆಯಲ್ಲಿ ಹತ್ತು ಸ್ಟಾಪಿನದಕ್ಕೆ ನಲವತ್ತು ಸೆಕೆಂಡು ಬೇಕು, ಅನೇಕ ಕಾಂಪ್ಯಾಕ್ಟ್‌ಗಳ ಷಟರ್ ಹದಿನೈದಕ್ಕೇ ಮುಗಿದುಹೋಗುತ್ತದೆ.