ಇಂಟರ್ನೆಟ್ ಇದೆ, ಗೆಳೆಯ ಸಿಗುತ್ತಿಲ್ಲ

ಗೇಮ್ ಕನ್ಸೋಲಿನ ನೆಟ್‌ವರ್ಕ್ ಸೆಟ್ಟಿಂಗ್ಸ್ ತೆರೆದರೆ ‘ನ್ಯಾಟ್ ಟೈಪ್’ ಎಂಬ ಒಂದು ಸಾಲು ಕಾಣುತ್ತದೆ. ಎಕ್ಸ್‌ಬಾಕ್ಸ್‌ನಲ್ಲಿ ಅದರ ಮುಂದೆ ಓಪನ್, ಮಾಡರೇಟ್ ಅಥವಾ ಸ್ಟ್ರಿಕ್ಟ್ ಎಂದಿರುತ್ತದೆ. ಪ್ಲೇಸ್ಟೇಷನ್‌ನಲ್ಲಿ ಟೈಪ್ 1, 2, 3. ನಿಂಟೆಂಡೊ ಸ್ವಿಚ್‌ನಲ್ಲಿ ಎ ಇಂದ ಡಿ ವರೆಗಿನ ಒಂದು ಅಕ್ಷರ, ಏನೂ ಗಿಟ್ಟದಿದ್ದರೆ ಎಫ್. 100 ಎಂಬಿಪಿಎಸ್ ಪ್ಲಾನ್ ಇದ್ದು, ಟಿವಿಯಲ್ಲಿ ಸಿನಿಮಾ ಎಲ್ಲೂ ನಿಲ್ಲದೆ ಓಡುವ ಮನೆಯಲ್ಲೂ ಈ ಸಾಲು ಸ್ಟ್ರಿಕ್ಟ್ ಎಂದರೆ ಗೆಳೆಯನ ಆಟಕ್ಕೆ ಸೇರಲಾಗುವುದಿಲ್ಲ. ಪಾರ್ಟಿ ಚಾಟ್‌ನಲ್ಲಿ ಒಬ್ಬನ ಮಾತು ಕೇಳಿಸುತ್ತದೆ, ಇನ್ನೊಬ್ಬನದು ಕೇಳಿಸುವುದಿಲ್ಲ. ಹೆಚ್ಚು ದುಡ್ಡು ಕೊಟ್ಟು ಪ್ಲಾನ್ ಏರಿಸಿದರೂ ಸ್ಥಿತಿ ಹಾಗೇ ಉಳಿಯುತ್ತದೆ. 1994ರಲ್ಲಿ ತಾತ್ಕಾಲಿಕವೆಂದು ಮಾಡಿಕೊಂಡ ಒಂದು ಉಳಿತಾಯಕ್ಕೂ 2002ರ ಹೊತ್ತಿಗೆ ಕನ್ಸೋಲ್ ಆಟಗಳು ಹಿಡಿದ ದಾರಿಗೂ ಹೊಂದಿಕೆಯಾಗದೆ ಹುಟ್ಟಿದ ತೊಡಕು ಇದು. ಅದು ಹೇಗೆ ಬಂತೆಂದು ತಿಳಿದರೆ ಎಲ್ಲಿ ಕೈಹಾಕಬೇಕೆಂಬುದೂ ತಿಳಿಯುತ್ತದೆ.

ಇಂಟರ್ನೆಟ್ಟಿನ ಇಂದಿನ ವಿಳಾಸ ಪದ್ಧತಿಯಾದ ಐಪಿವಿ4 ನಿಗದಿಯಾದದ್ದು 1981ರ ಸೆಪ್ಟೆಂಬರಿನಲ್ಲಿ. ಅದರ ವಿಳಾಸಕ್ಕೆ 32 ಬಿಟ್‌ಗಳು. ಎಷ್ಟು ಎಣಿಸಿದರೂ ಸುಮಾರು 429 ಕೋಟಿ ವಿಳಾಸಗಳಷ್ಟೇ ಸಿಗುತ್ತವೆ. ವಿಶ್ವವಿದ್ಯಾಲಯ, ಸೇನೆ, ಸಂಶೋಧನಾಲಯಗಳ ನಡುವಿನ ಜಾಲಕ್ಕೆ ಅದು ಧಾರಾಳವಾಗಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ಜಾಲ ಊರಿಗೆಲ್ಲ ಹರಡತೊಡಗಿದಾಗ ಸಾಲದು ಎಂಬುದು ಖಚಿತವಾಯಿತು. 1994ರ ಮೇ ತಿಂಗಳಲ್ಲಿ ಷೆಲ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಒಂದು ಉಪಾಯ ಬರೆದರು. ಒಳಗಿನ ಯಂತ್ರಗಳಿಗೆ ಖಾಸಗಿ ವಿಳಾಸ ಕೊಡುವುದು, ಹೊರಗೆ ಹೋಗುವಾಗ ಬಾಗಿಲಲ್ಲಿ ಅದನ್ನು ಸಾರ್ವಜನಿಕ ವಿಳಾಸಕ್ಕೆ ಬದಲಿಸುವುದು. ಇದೇ ನೆಟ್‌ವರ್ಕ್ ಅಡ್ರೆಸ್ ಟ್ರಾನ್ಸ್‌ಲೇಷನ್, ಅಂದರೆ ನ್ಯಾಟ್. ದೊಡ್ಡ ವಿಳಾಸ ಪದ್ಧತಿ ಬರುವವರೆಗಿನ ಅಲ್ಪಕಾಲದ ಪರಿಹಾರ ಎಂದೇ ಅವರು ಅದನ್ನು ಮುಂದಿಟ್ಟದ್ದು. ಅದರ ದೋಷಗಳನ್ನೂ ಮುಚ್ಚಿಡಲಿಲ್ಲ. 192.168 ಎಂದು ಶುರುವಾಗುವ, ಇಂದು ಮನೆಮನೆಯ ರೌಟರಿನಲ್ಲಿರುವ ಖಾಸಗಿ ವಿಳಾಸಗಳ ನಿಯಮ 1996ರ ಫೆಬ್ರವರಿಯದು.

ಹಳೆ ಮೈಸೂರಿನ ವಠಾರ ಕಂಡವರಿಗೆ ನ್ಯಾಟ್ ಕೂಡಲೇ ಅರ್ಥವಾಗುತ್ತದೆ. ಬೀದಿಗೆ ಒಂದೇ ಬಾಗಿಲು, ಒಂದೇ ಡೋರ್ ನಂಬರು, ಒಳಗೆ ಎಂಟು ಹತ್ತು ಸಂಸಾರ. ಬಾಗಿಲಲ್ಲಿ ಕೂತವರಿಗೆ ಯಾವ ಕಾಗದ ಯಾರ ಮನೆಗೆಂದು ಗೊತ್ತಿರಬೇಕು. ರೌಟರ್ ಈ ಲೆಕ್ಕವನ್ನು ಒಂದು ಪಟ್ಟಿಯಲ್ಲಿಡುತ್ತದೆ. 192.168.1.23 ಎಂಬ ವಿಳಾಸದ ಕನ್ಸೋಲು ತನ್ನ 3074ನೇ ಪೋರ್ಟಿನಿಂದ (ಆ ಸಂಖ್ಯೆಯ ಕಿಂಡಿಯಿಂದ) ಒಂದು ಪ್ಯಾಕೆಟ್ (ಮಾಹಿತಿಯ ಕಟ್ಟು) ಕಳಿಸಿತೆನ್ನಿ. ರೌಟರ್ ಅದರ ಮೇಲಿನ ವಿಳಾಸ ಅಳಿಸಿ 203.0.113.7 ಎಂಬ ಹೊರಗಿನ ವಿಳಾಸವನ್ನೂ, ಪೋರ್ಟಿನ ಜಾಗದಲ್ಲಿ 41822 ಎಂದೋ ಮತ್ತೊಂದು ಅಂಕಿಯನ್ನೋ ಬರೆದು ಕಳಿಸುತ್ತದೆ. ‘41822ಕ್ಕೆ ಉತ್ತರ ಬಂದರೆ 23ನೆಯವನಿಗೆ ಕೊಡು’ ಎಂಬ ಅರ್ಥದ ಒಂದು ಸಾಲು ಪಟ್ಟಿಗೆ ಸೇರುತ್ತದೆ. ಉತ್ತರ ಬಂದರೆ ಸರಿಯಾದ ಪೆಟ್ಟಿಗೆಗೆ ಮುಟ್ಟುತ್ತದೆ. ಸ್ವಲ್ಪ ಹೊತ್ತು ಮಾತುಕತೆಯೇ ಇಲ್ಲದಿದ್ದರೆ ಸಾಲು ಅಳಿಸಿಹೋಗುತ್ತದೆ. ಯಾರೂ ಕೇಳದೆ ತಾನಾಗಿ ಹೊರಗಿನಿಂದ ಬಂದ ಪ್ಯಾಕೆಟ್ಟಿಗೆ ಪಟ್ಟಿಯಲ್ಲಿ ಜಾಗವಿಲ್ಲ. ರೌಟರ್ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ.

ವೆಬ್ ನೋಡುವುದಕ್ಕೆ, ಸಿನಿಮಾ ತರಿಸಿಕೊಳ್ಳುವುದಕ್ಕೆ ಇದರಿಂದ ಅಡ್ಡಿಯಿಲ್ಲ. ಅಲ್ಲಿ ಕೇಳುವವರು ಯಾವಾಗಲೂ ಮನೆಯವರು, ಕೊಡುವುದು ಎಲ್ಲೋ ಇರುವ ಸರ್ವರ್. ಆಟದ ಕಥೆ ಬೇರೆ. ಸೆಗಾ ಕಂಪನಿ 1998ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಡ್ರೀಮ್‌ಕಾಸ್ಟ್ ಕನ್ಸೋಲಿಗೆ ಮೋಡೆಮ್ ಕೂಡಿಸಿಯೇ ಕೊಟ್ಟಿತ್ತು. ಫೋನ್ ಲೈನಿನಲ್ಲಿ ಡಯಲ್ ಮಾಡಿದರೆ ನೇರ ಸಾರ್ವಜನಿಕ ವಿಳಾಸವೇ ಸಿಗುತ್ತಿತ್ತು, ನಡುವೆ ರೌಟರ್ ಇರುತ್ತಿರಲಿಲ್ಲ. 2001ರ ನವೆಂಬರ್ 15ರಂದು ಬಂದ ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್‌ನಲ್ಲಿ ಮೋಡೆಮ್ ಇರಲಿಲ್ಲ, ಲ್ಯಾನ್ ಪೋರ್ಟ್ ಇತ್ತು. ಸರಿಯಾಗಿ ಒಂದು ವರ್ಷದ ನಂತರ ಶುರುವಾದ ಎಕ್ಸ್‌ಬಾಕ್ಸ್ ಲೈವ್ ಬ್ರಾಡ್‌ಬ್ಯಾಂಡ್ ಇದ್ದವರಿಗೆ ಮಾತ್ರ. ಬ್ರಾಡ್‌ಬ್ಯಾಂಡ್ ಬಂದ ಮನೆಗಳಿಗೆ ಒಂದು ಸಂಪರ್ಕವನ್ನು ಹಲವು ಯಂತ್ರಗಳಿಗೆ ಹಂಚುವ ರೌಟರೂ ಬರುತ್ತಿತ್ತು, ಅದರೊಳಗೆ ನ್ಯಾಟ್ ಕೂಡ.

ಆಗಿನ ಬಹುತೇಕ ಆಟಗಳಿಗೆ ಕಂಪನಿಯ ಸರ್ವರ್ ಗೆಳೆಯರನ್ನು ಜೊತೆಗೂಡಿಸುವವರೆಗೆ ಮಾತ್ರ ಬೇಕಾಗಿತ್ತು. ಜೊತೆಗೂಡಿದ ಮೇಲೆ ಆಟಗಾರರಲ್ಲೊಬ್ಬನ ಮನೆಯ ಕನ್ಸೋಲೇ ಹೋಸ್ಟ್. ಉಳಿದವರ ಗುಂಡು, ಓಟ, ಜಿಗಿತಗಳ ಲೆಕ್ಕವೆಲ್ಲ ಅದರ ಬಳಿ. ಇದರಿಂದ ಸರ್ವರಿನ ಖರ್ಚು ಉಳಿಯುತ್ತಿತ್ತು. 2004ರ ನವೆಂಬರಿನಲ್ಲಿ ಬಂದ ಹೇಲೋ 2 ಈ ಪದ್ಧತಿಯ ದೊಡ್ಡ ಉದಾಹರಣೆ. ಮೊದಲ ಎಕ್ಸ್‌ಬಾಕ್ಸ್‌ನ ಆನ್‌ಲೈನ್ ಸೇವೆ 2010ರ ಏಪ್ರಿಲ್ ಮಧ್ಯದಲ್ಲಿ ನಿಂತುಹೋದಾಗ ಕೆಲವೇ ಕೆಲವು ಆಟಗಾರರು ಕನ್ಸೋಲನ್ನು ಆಫ್ ಮಾಡದೆ, ಆಟದಿಂದ ಹೊರಬಾರದೆ ಮೇ ತಿಂಗಳವರೆಗೂ ಹೇಲೋ 2 ಆಡುತ್ತಲೇ ಇದ್ದರು. ಆಟ ನಡೆಯುತ್ತಿದ್ದದ್ದು ಅವರವರ ಮನೆಗಳ ನಡುವೆ ಆದ್ದರಿಂದ ಅದು ಸಾಧ್ಯವಾಯಿತು. ಕಂಪನಿಯ ಸೇವೆಗಿಂತ ಹೆಚ್ಚು ದಿನ ಬದುಕಿದ ಆಟ ಎಂಬ ಕಾರಣಕ್ಕೆ ಈ ಪ್ರಸಂಗ ನಿಜಕ್ಕೂ ಮನಸ್ಸು ತಟ್ಟುತ್ತದೆ.

ಆದರೆ ಹೋಸ್ಟ್ ಆಗುವ ಮನೆಗೆ ಹೊರಗಿನವರು ತಾವಾಗಿ ಬಂದು ಬಾಗಿಲು ತಟ್ಟಬೇಕು, ರೌಟರ್ ತೆಗೆಯುವುದಿಲ್ಲ. ಇದಕ್ಕೆ ಕಂಡುಕೊಂಡ ದಾರಿಯ ಹೆಸರು ಹೋಲ್ ಪಂಚಿಂಗ್. ಹುಬ್ಬಳ್ಳಿಯ ಒಂದು ಮನೆ ಮತ್ತು ಮಂಗಳೂರಿನ ಒಂದು ಮನೆ ಎರಡೂ ಮೊದಲು ಸರ್ವರಿಗೆ ಪ್ಯಾಕೆಟ್ ಕಳಿಸುತ್ತವೆ. ಸರ್ವರ್ ಇಬ್ಬರ ಹೊರಗಿನ ವಿಳಾಸ, ಪೋರ್ಟುಗಳನ್ನು ನೋಡಿ ಒಬ್ಬರದನ್ನು ಇನ್ನೊಬ್ಬರಿಗೆ ತಿಳಿಸುತ್ತದೆ. ಆಮೇಲೆ ಇಬ್ಬರೂ ಒಟ್ಟಿಗೇ ಪರಸ್ಪರರ ಕಡೆಗೆ ಪ್ಯಾಕೆಟ್ ಬಿಡುತ್ತಾರೆ. ಒಳಗಿನಿಂದ ಹೊರಟ ಪ್ಯಾಕೆಟ್ ತನ್ನ ರೌಟರಿನ ಪಟ್ಟಿಯಲ್ಲಿ ಒಂದು ಸಾಲು ಬರೆಸಿರುತ್ತದೆ. ಎದುರಿನಿಂದ ಬಂದದ್ದು ಅದಕ್ಕೆ ಉತ್ತರವೆಂಬಂತೆ ಕಂಡು ಒಳಗೆ ಬರುತ್ತದೆ. ಬ್ರಯನ್ ಫೋರ್ಡ್, ಪೈಡಾ ಶ್ರೀಸುರೇಶ್, ಡ್ಯಾನ್ ಕೆಗೆಲ್ 2005ರಲ್ಲಿ ಹಲವು ಬಗೆಯ ರೌಟರುಗಳ ಮೇಲೆ ಇದನ್ನು ಪರೀಕ್ಷಿಸಿದಾಗ ಆಟಗಳು ಬಳಸುವ ಯುಡಿಪಿ ಪ್ಯಾಕೆಟ್ಟುಗಳಿಗೆ ಶೇ 82ರಷ್ಟರಲ್ಲಿ ಫಲ ಕೊಟ್ಟಿತ್ತು.

ಉಳಿದವುಗಳಲ್ಲಿ ಏಕೆ ಆಗದು ಎಂಬುದರಲ್ಲೇ ಕನ್ಸೋಲಿನ ‘ನ್ಯಾಟ್ ಟೈಪ್’ ಸಾಲಿನ ಅರ್ಥವಿದೆ. 2003ರ ಮಾರ್ಚಿನಲ್ಲಿ ಪ್ರಕಟವಾದ ಸ್ಟನ್ ಎಂಬ ವಿಧಾನದ ದಾಖಲೆ ನ್ಯಾಟ್‌ಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿತು. ಒಂದು ಬಗೆ ಯಾರು ಬಂದರೂ ಬಿಡುತ್ತದೆ. ನಡುವಿನ ಎರಡು, ಒಳಗಿನವರು ಈಗಾಗಲೇ ಮಾತಾಡಿಸಿದವರನ್ನು ಮಾತ್ರ ಬಿಡುತ್ತವೆ. ನಾಲ್ಕನೆಯದು ಸಿಮೆಟ್ರಿಕ್, ಅದು ಸರ್ವರಿಗೆ ಹೋಗುವಾಗ ಒಂದು ಪೋರ್ಟ್, ಗೆಳೆಯನ ಕಡೆ ಹೋಗುವಾಗ ಮತ್ತೊಂದು ಪೋರ್ಟ್ ಕೊಡುತ್ತದೆ. ಸರ್ವರ್ ಹೇಳಿಕೊಟ್ಟ ಗುರುತು ಗೆಳೆಯನ ಪಾಲಿಗೆ ತಪ್ಪು ಗುರುತಾಗುತ್ತದೆ. ಕನ್ಸೋಲುಗಳ ಓಪನ್, ಮಾಡರೇಟ್, ಸ್ಟ್ರಿಕ್ಟ್ ಇದೇ ವಿಂಗಡಣೆಯ ಮನೆಮಾತು. ಓಪನ್ ಇದ್ದವರು ಎಲ್ಲರೊಡನೆ, ಮಾಡರೇಟ್ ಇದ್ದವರು ಓಪನ್ ಮತ್ತು ಮಾಡರೇಟ್ ಇರುವವರೊಡನೆ, ಸ್ಟ್ರಿಕ್ಟ್ ಇದ್ದವರು ಓಪನ್ ಇರುವವರೊಡನೆ ಮಾತ್ರ ಕೂಡಬಲ್ಲರು. ಒಬ್ಬ ಗೆಳೆಯ ಸಿಕ್ಕಿ ಇನ್ನೊಬ್ಬ ಸಿಗದಿರುವುದಕ್ಕೆ ಇದೇ ಕಾರಣ. ಹಾಗಾಗಿ ಎರಡೂ ಮನೆಗಳ ಸಾಲನ್ನು ನೋಡದೆ ಒಂದೇ ಮನೆಯನ್ನು ದೂರುವುದು ಸರಿಯಲ್ಲ.

ಇನ್ನೊಂದು ದಾರಿ ರೌಟರನ್ನೇ ಕೇಳಿಕೊಳ್ಳುವುದು. ಯುಪಿಎನ್‌ಪಿ ಎಂಬ ಏರ್ಪಾಟಿನಲ್ಲಿ ಕನ್ಸೋಲು ‘ನನಗೆ ಈ ಪೋರ್ಟ್ ತೆರೆದಿಡು’ ಎಂದು ಕೇಳುತ್ತದೆ, ರೌಟರ್ ತೆರೆಯುತ್ತದೆ. ಸ್ಟ್ರಿಕ್ಟ್ ಬಂದ ಮನೆಯಲ್ಲಿ ಮೊದಲು ನೋಡಬೇಕಾದದ್ದು ರೌಟರಿನ ಪುಟದಲ್ಲಿ ಇದು ಆನ್ ಆಗಿದೆಯೇ ಎಂದು. ಆನ್ ಇದ್ದೂ ಫಲವಿಲ್ಲದಿದ್ದರೆ ಪಟ್ಟಿಯಲ್ಲಿ ಹಳೆಯ ಸಾಲು ಕಚ್ಚಿಕೊಂಡಿರಬಹುದು. ಕನ್ಸೋಲನ್ನು ಪೂರ್ತಿ ಆಫ್ ಮಾಡಿ, ರೌಟರನ್ನು ಆರಿಸಿ ಹೊತ್ತಿಸಿ, ಅದು ಸಂಪರ್ಕ ಹಿಡಿದ ಮೇಲೆ ಕನ್ಸೋಲು ಹಾಕುವುದು ಆಗ ನಿಜವಾದ ಮದ್ದು. ‘ಆಫ್ ಮಾಡಿ ಆನ್ ಮಾಡಿ’ ಎಂಬ ಮಾತಿನ ಹಿಂದೆ ಹೀಗೊಂದು ಗಟ್ಟಿ ಕಾರಣವಿದೆ. ಯುಪಿಎನ್‌ಪಿಗೆ ಅಪಾಯವೂ ಇದೆ: 2013ರ ಜನವರಿಯಲ್ಲಿ ಭದ್ರತಾ ಸಂಶೋಧಕರು ಪ್ರಕಟಿಸಿದ ಹುಡುಕಾಟದಲ್ಲಿ ಹೊರಗಿನವರ ಕರೆಗೂ ಉತ್ತರಿಸುವ 8 ಕೋಟಿಗೂ ಹೆಚ್ಚು ವಿಳಾಸಗಳು ಸಿಕ್ಕಿದ್ದವು. ಅದನ್ನು ಬೇಡವೆನ್ನುವವರು ಕನ್ಸೋಲಿಗೆ ರೌಟರಿನಲ್ಲಿ ಒಂದು ಸ್ಥಿರ ವಿಳಾಸ ಕಾದಿರಿಸಿ, ಎಕ್ಸ್‌ಬಾಕ್ಸ್ ಆದರೆ 3074ನೇ ಪೋರ್ಟನ್ನು ಕೈಯಾರೆ ಫಾರ್ವರ್ಡ್ ಮಾಡಬಹುದು. ಮನೆಯಲ್ಲಿ ಎರಡು ಎಕ್ಸ್‌ಬಾಕ್ಸ್ ಇದ್ದರೆ ಎರಡೂ ಅದೇ ಪೋರ್ಟಿಗೆ ಜಗಳವಾಡುತ್ತವೆ. ಒಂದಕ್ಕೆ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಬೇರೆ ಪೋರ್ಟ್ ಆರಿಸಿಕೊಡಬೇಕು.

ಭಾರತದ ಮನೆಗಳಲ್ಲಿ ಮತ್ತೊಂದು ಪದರ ಸೇರಿಕೊಂಡಿತು. 2004ರ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್ ವೇಗವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆದ ಕಾಲದಿಂದ ಇಂದಿನ ಫೈಬರ್‌ವರೆಗೆ ಕಂಪನಿ ಕೊಡುವ ಪೆಟ್ಟಿಗೆ ಹೆಚ್ಚಾಗಿ ತಾನೇ ರೌಟರ್ ಕೂಡ. ಅದರ ವೈಫೈ ಒಳಕೋಣೆಗೆ ತಲುಪದೆಂದು ಮನೆಯವರು ಅಂಗಡಿಯಿಂದ ಇನ್ನೊಂದು ರೌಟರ್ ತಂದು ಅದರ ಹಿಂದೆ ಜೋಡಿಸುತ್ತಾರೆ. ವಠಾರದೊಳಗೆ ಇನ್ನೊಂದು ವಠಾರವಾಯಿತು. ಯುಪಿಎನ್‌ಪಿ ಒಳಬಾಗಿಲನ್ನಷ್ಟೇ ತೆರೆಯುತ್ತದೆ, ಬೀದಿಬಾಗಿಲು ಮುಚ್ಚಿಯೇ ಇರುತ್ತದೆ. ಎಕ್ಸ್‌ಬಾಕ್ಸ್ ಇದನ್ನು ‘ಡಬಲ್ ನ್ಯಾಟ್’ ಎಂದು ಹೆಸರಿಟ್ಟೇ ಹೇಳುತ್ತದೆ. ಎರಡರಲ್ಲಿ ಒಂದರ ರೌಟರ್ ಕೆಲಸ ಬಿಡಿಸಬೇಕು: ಕಂಪನಿಯ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸುವುದು, ಇಲ್ಲವೇ ಅಂಗಡಿಯ ರೌಟರನ್ನು ಆ್ಯಕ್ಸೆಸ್ ಪಾಯಿಂಟ್ ಮಾಡುವುದು. ಎರಡನೆಯದು ಸುಲಭ, ಯಾರಿಗೂ ಫೋನ್ ಮಾಡಬೇಕಿಲ್ಲ.

ಮನೆಯವರ ಕೈ ಮೀರಿದ ಪದರ ಇದಕ್ಕೂ ಮೇಲಿದೆ. 2011ರ ಫೆಬ್ರವರಿ 3ರಂದು ಜಾಗತಿಕ ಐಪಿವಿ4 ದಾಸ್ತಾನಿನ ಕೊನೆಯ ಕಂತುಗಳು ಹಂಚಿಹೋದವು. ಏಪ್ರಿಲ್ ಹೊತ್ತಿಗೆ ಏಷ್ಯಾ ಪೆಸಿಫಿಕ್ ಪ್ರದೇಶದಲ್ಲಿ ಪಡಿತರ ಶುರುವಾಯಿತು. ಹೊಸ ಗ್ರಾಹಕರಿಗೆ ಕೊಡಲು ವಿಳಾಸವಿಲ್ಲದ ಕಂಪನಿಗಳು ತಮ್ಮ ಬಾಗಿಲಲ್ಲೇ ಒಂದು ಭಾರೀ ನ್ಯಾಟ್ ಕೂರಿಸಿ, ಒಂದು ವಿಳಾಸವನ್ನು ಹತ್ತಾರು ಮನೆಗಳಿಗೆ ಹಂಚಿದವು. ಇದು ಕ್ಯಾರಿಯರ್ ಗ್ರೇಡ್ ನ್ಯಾಟ್, ಸಿಜಿನ್ಯಾಟ್. ಇದಕ್ಕೆಂದೇ 2012ರ ಏಪ್ರಿಲ್‌ನಲ್ಲಿ 100.64ರಿಂದ 100.127ರವರೆಗಿನ ಸುಮಾರು 42 ಲಕ್ಷ ವಿಳಾಸಗಳನ್ನು ಕಾದಿರಿಸಲಾಯಿತು. ಗುರುತಿಸುವುದು ಕಷ್ಟವಲ್ಲ. ಬೀದಿಬಾಗಿಲಿನ ರೌಟರಿನ ಪುಟದಲ್ಲಿ ವ್ಯಾನ್ ವಿಳಾಸ, ಅಂದರೆ ಅದರ ಹೊರಗಿನ ವಿಳಾಸ ಓದಬೇಕು. ಅದು ಆ ಸಾಲಿಗೆ ಸೇರಿದ್ದರೆ, ಅಥವಾ 10ರಿಂದ ಶುರುವಾದರೆ, ಅಥವಾ ‘ನನ್ನ ಐಪಿ ಯಾವುದು’ ಎಂದು ವೆಬ್ಬಿನಲ್ಲಿ ಕೇಳಿದಾಗ ಬರುವ ಐಪಿವಿ4 ವಿಳಾಸಕ್ಕೆ ಹೊಂದದಿದ್ದರೆ, ಮನೆ ಸಿಜಿನ್ಯಾಟ್‌ನ ಹಿಂದಿದೆ. ಆಗ ಪೋರ್ಟ್ ಫಾರ್ವರ್ಡ್ ಮಾಡುತ್ತಾ ಸಂಜೆಗಳನ್ನು ಕಳೆಯುವುದು ವ್ಯರ್ಥ. ಕಂಪನಿಯವರಲ್ಲಿ ಸ್ಟ್ಯಾಟಿಕ್ ಐಪಿ ಕೇಳುವುದೇ ನೇರ ದಾರಿ. ಕೆಲವರು ತಿಂಗಳಿಗಿಷ್ಟು ಎಂದು ಪಡೆದು ಕೊಡುತ್ತಾರೆ.

ಮತ್ತೊಂದು ದಾರಿ 1994ರಲ್ಲೇ ಕಾದಿದ್ದ ದೊಡ್ಡ ವಿಳಾಸ ಪದ್ಧತಿ, 128 ಬಿಟ್‌ಗಳ ಐಪಿವಿ6. ಅದರಲ್ಲಿ ಪ್ರತಿ ಕನ್ಸೋಲಿಗೂ ಸ್ವಂತ ವಿಳಾಸ. ಅದು ಮನೆಗೆ ಬರುವ ಮುನ್ನವೇ ನ್ಯಾಟ್ ದಾಟಿಸಲು ಮೈಕ್ರೋಸಾಫ್ಟಿನ ಕ್ರಿಸ್ಟಿಯನ್ ಹುಯಿಟೆಮಾ, ಐಪಿವಿ6 ಪ್ಯಾಕೆಟ್ಟನ್ನು ಯುಡಿಪಿಯೊಳಗೆ ಸುತ್ತಿ ಕಳಿಸುವ ಟೆರೆಡೊ ವಿಧಾನವನ್ನು ರೂಪಿಸಿದರು. ಸ್ಟನ್ ಬರೆದವರಲ್ಲೂ ಅವರೊಬ್ಬರು. ಟೆರೆಡೊ ಎಂಬುದು ಹಡಗಿನ ಮರ ಕೊರೆದು ತೂತು ಮಾಡುವ ಸಮುದ್ರಜೀವಿಯ ಹೆಸರು. 2013ರ ಎಕ್ಸ್‌ಬಾಕ್ಸ್ ಒನ್ ಟೆರೆಡೊವನ್ನೂ ನೇರ ಐಪಿವಿ6 ಅನ್ನೂ ಬಳಸಿತು. ಭಾರತದಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಬಳಕೆದಾರರಿಗೆ ಐಪಿವಿ6 ಸಿಗುತ್ತದೆ. ಹಾಗಾಗಿ ರೌಟರಿನಲ್ಲಿ ಅದನ್ನು ಆನ್ ಮಾಡಿ ನೋಡುವುದು ಖರ್ಚಿಲ್ಲದ ಪ್ರಯತ್ನ. ಆದರೆ ಕನ್ಸೋಲು, ಆಟ, ಎದುರಿನ ಮನೆ ಮೂರೂ ಅದನ್ನು ಬಲ್ಲವಾಗಿರಬೇಕು.

ಈಚಿನ ದೊಡ್ಡ ಆಟಗಳು ಮನೆಯ ಹೋಸ್ಟನ್ನು ಬಿಟ್ಟು ಕಂಪನಿಯ ಸರ್ವರಿಗೆ ಹೋಗಿವೆ. 2014ರ ಟೈಟನ್‌ಫಾಲ್ ಆ ತಿರುವಿನ ಮೊದಲಿನವುಗಳಲ್ಲೊಂದು. ಅಲ್ಲಿ ನ್ಯಾಟ್‌ನ ಕಾಟ ಹೆಚ್ಚಾಗಿ ಪಾರ್ಟಿಯ ಮಾತಿಗೆ ಸೀಮಿತ. ಎದ್ದು ಕಾಣುವುದು ಪಿಂಗ್, ಅಂದರೆ ಪ್ಯಾಕೆಟ್ ಸರ್ವರಿಗೆ ಹೋಗಿ ಬರಲು ಹಿಡಿಯುವ ಹೊತ್ತು. ಫೈಬರಿನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಸಾಗುತ್ತದೆ. ಬೆಂಗಳೂರಿನಿಂದ ಸುಮಾರು 3,200 ಕಿ.ಮೀ. ದೂರದ ಸಿಂಗಪುರಕ್ಕೆ ಕೇಬಲ್ ನೆಟ್ಟಗೆ ಎಳೆದಿದ್ದರೂ ಹೋಗಿ ಬರಲು 32 ಮಿಲಿಸೆಕೆಂಡ್ ಬೇಕೇ ಬೇಕು. ಆಟದ ಮೆನುವಿನಲ್ಲಿ ಮುಂಬೈ ಸರ್ವರ್ ಇದ್ದರೆ ಅದನ್ನೇ ಆರಿಸಬೇಕು.

ದೂರ ಅಷ್ಟೇ ಇದ್ದರೂ ಸಂಜೆ ಹೊತ್ತು ಪಿಂಗ್ ಏಕಾಏಕಿ ನೂರಾರು ಮಿಲಿಸೆಕೆಂಡಿಗೆ ಏರುವುದುಂಟು. ಮನೆಯಲ್ಲಿ ಯಾರದೋ ಫೋನು ಫೋಟೊಗಳನ್ನು ಕ್ಲೌಡಿಗೆ ಏರಿಸುತ್ತಿರುತ್ತದೆ. ರೌಟರಿನ ದೊಡ್ಡ ಬಫರಿನಲ್ಲಿ ಆ ಪ್ಯಾಕೆಟ್ಟುಗಳ ಹಿಂದೆ ಆಟದ ಪ್ಯಾಕೆಟ್ಟು ಸರದಿ ನಿಲ್ಲುತ್ತದೆ. ಜಿಮ್ ಗೆಟಿಸ್ 2010ರ ಸುಮಾರಿಗೆ ತಮ್ಮ ಮನೆಯ ಸಂಪರ್ಕದಲ್ಲೇ ಇದನ್ನು ಪತ್ತೆಹಚ್ಚಿ ಬಫರ್‌ಬ್ಲೋಟ್ ಎಂದು ಕರೆದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಇದಕ್ಕೆ ಕೋಡೆಲ್ ಎಂಬ ಪರಿಹಾರ ಕೊಟ್ಟರು. ಈಗ ಹಲವು ರೌಟರುಗಳಲ್ಲಿ ಅದು ಎಸ್‌ಕ್ಯೂಎಂ ಅಥವಾ ಕ್ಯೂಒಎಸ್ ಎಂಬ ಹೆಸರಿನಡಿ ಸಿಗುತ್ತದೆ. ಅಪ್‌ಲೋಡ್ ಮಿತಿಯನ್ನು ನಿಜವಾದ ವೇಗಕ್ಕಿಂತ ತುಸು ಕೆಳಗೆ, ಶೇ 90ರ ಆಸುಪಾಸಿಗೆ ಇಟ್ಟರೆ ಸಾಲು ರೌಟರಿನಲ್ಲೇ ಚಿಕ್ಕದಾಗಿ ಉಳಿಯುತ್ತದೆ. ಕನ್ಸೋಲಿಗೆ ವೈಫೈ ಬದಲು ಲ್ಯಾನ್ ಕೇಬಲ್ ಎಳೆದು, ಫೋಟೊ ಏರಿಸುತ್ತಿರುವಾಗಲೇ ಪಿಂಗ್ ನೋಡಿದರೆ ವ್ಯತ್ಯಾಸ ಅಲ್ಲೇ ಕಾಣುತ್ತದೆ.