ಎಲ್ಲರಿಗೂ ಕಾಣುವ ಹೆಬ್ಬೆಟ್ಟು

ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಬರುವವರು ಅಮೃತೇಶ್ವರ ಗುಡಿಯ ಹೊರಗೋಡೆಯ ಕೆತ್ತನೆಯಲ್ಲೇ ಮುಳುಗಿಹೋಗುತ್ತಾರೆ. ರಾಮಾಯಣ, ಭಾಗವತ, ಮಹಾಭಾರತ ಅಲ್ಲಿ ಫಲಕ ಫಲಕವಾಗಿ ಇರುವಾಗ ಅದರಲ್ಲಿ ತಪ್ಪೇನೂ ಇಲ್ಲ. ಗುಡಿಯ ಶಾಸನದ ಎದುರು ನಿಲ್ಲುವವರು ಮಾತ್ರ ಕಡಿಮೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಗುಡಿ ಕಟ್ಟಿಸಿದ. ಶಾಸನದ ಪದ್ಯ ಬರೆದವನು ಕವಿ ಜನ್ನ ಎಂದು ವಿದ್ವಾಂಸರು ಹೇಳುತ್ತಾರೆ.

ಶಾಸನವೆಂದರೆ ಕಾವ್ಯ ಮಾತ್ರವಲ್ಲ, ಆ ಕಾಲದ ಆಸ್ತಿಪತ್ರವೂ ಹೌದು. ದಾನ ಯಾರದು, ಯಾರಿಗೆ, ಮೂಡಲಿಗೆ ಯಾವ ಕೆರೆ, ಪಡುವಲಿಗೆ ಯಾವ ಗುಡ್ಡ ಎಂಬುದನ್ನೆಲ್ಲ ಕೆತ್ತಿ, ಅಳಿಸಿದವನಿಗೆ ಶಾಪ ಹಾಕಿ, ಕಲ್ಲನ್ನು ನಾಲ್ಕು ಜನ ಓಡಾಡುವ ಕಡೆ ನೆಡುತ್ತಿದ್ದರು. ಅದನ್ನು ಬಚ್ಚಿಡುವ ಯೋಚನೆ ಯಾರಿಗೂ ಬಂದದ್ದಿಲ್ಲ. ಹತ್ತು ಜನಕ್ಕೆ ಗೊತ್ತಿದ್ದಷ್ಟೂ ಆಸ್ತಿ ಭದ್ರ ಎಂಬುದೇ ಲೆಕ್ಕ.

ಇಂದಿನ ಸಬ್‌ ರಿಜಿಸ್ಟ್ರಾರ್ ಕಚೇರಿಯೂ ಇದೇ ಲೆಕ್ಕದ ಮೇಲೆ ನಿಂತಿದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ಕ್ರಯಪತ್ರಗಳು ಸೇರುವ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಒಂದೇ ತೋಟವನ್ನು ಇಬ್ಬರಿಗೆ ಮಾರುವವನನ್ನು ತಡೆಯಲು ಇದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಹುಟ್ಟಿಲ್ಲ.

ಈ ಪತ್ರಕ್ಕೆ ಹೆಬ್ಬೆಟ್ಟು ಬಂದು ಅಂಟಿಕೊಂಡದ್ದು ಬೇರೆ ದಾರಿಯಿಂದ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿದ್ದ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ, ರಸ್ತೆಗೆ ಸಾಮಗ್ರಿ ಒದಗಿಸುವ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನ ಇಡೀ ಅಂಗೈಗೆ ಮಸಿ ಬಳಿದು ಕರಾರುಪತ್ರದ ಹಿಂದೆ ಒತ್ತಿಸಿಕೊಂಡ. ಆಗ ಅದರಲ್ಲಿ ವಿಜ್ಞಾನವೇನೂ ಇರಲಿಲ್ಲ. ಮುಂದೆ ‘ಈ ರುಜು ನನ್ನದಲ್ಲ’ ಎನ್ನದಂತೆ ಹೆದರಿಸುವುದಷ್ಟೇ ಉದ್ದೇಶ. ಸುಮಾರು 20 ವರ್ಷದ ಮೇಲೆ ಹೂಗ್ಲಿಯಲ್ಲಿ ಪಿಂಚಣಿಗೆ, ಪತ್ರಗಳ ನೋಂದಣಿಗೆ ಬೆರಳ ಗುರುತು ಬಂತು. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಕಚೇರಿಯೇ ತೆರೆಯಿತು. ಅಲ್ಲಿ ಬೆರಳಚ್ಚುಗಳನ್ನು ವಿಂಗಡಿಸುವ ಕ್ರಮ ರೂಪಿಸಲು ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್; ಹೆಸರು ಬಂದದ್ದು ಅವರ ಸಾಹೇಬ ಎಡ್ವರ್ಡ್ ಹೆನ್ರಿಗೆ.

ನಮ್ಮ ಕಡೆಯ ಹಳೆಯ ಪತ್ರಗಳನ್ನು ಬಿಡಿಸಿದರೆ ಕೊನೆಯಲ್ಲಿ ನೀಲಿ ಮಸಿಯ ಹೆಬ್ಬೆಟ್ಟು, ಪಕ್ಕದಲ್ಲಿ ‘ಇದು ಇಂಥವರ ಎಡಗೈ ಹೆಬ್ಬೆಟ್ಟಿನ ಗುರುತು’ ಎಂಬ ಒಕ್ಕಣೆ, ಕೆಳಗೆ ಸಾಕ್ಷಿಗಳು, ಬಿಕ್ಕಲಂ ಹಾಕಿದವನ ಹೆಸರು. ಒತ್ತಿದ ಬೆರಳಿನ ಸುತ್ತ ಊರಿನವರು ಕೂತಿರುತ್ತಿದ್ದರು. ಓದು ಬಂದವರು ಇದರಿಂದ ಪಾರಾಗಿದ್ದರು. 2001ರಲ್ಲಿ ನೋಂದಣಿ ಕಾಯ್ದೆಗೆ 32ಎ ಕಲಂ ಸೇರಿ, ಕೊಳ್ಳುವವರೂ ಮಾರುವವರೂ ಫೋಟೊ ಅಂಟಿಸಿ ಬೆರಳು ಒತ್ತಲೇಬೇಕಾಯಿತು. ಮೇಷ್ಟರೂ ಹೆಬ್ಬೆಟ್ಟಾದರು. 2003ರಿಂದ ‘ಕಾವೇರಿ’ ತಂತ್ರಾಂಶ ಬಂದು ಮಸಿಯ ಜಾಗದಲ್ಲಿ ಗಾಜಿನ ಯಂತ್ರ ಕೂತಿತು. 2023ರ ‘ಕಾವೇರಿ 2.0’ ಬಹುಪಾಲು ಕೆಲಸವನ್ನು ಆನ್‌ಲೈನಿಗೆ ತಂದಿತು. ಮೊದಲೆಲ್ಲ ಆ ಬೆರಳಚ್ಚು ಎಷ್ಟು ಜನರ ಕಣ್ಣಿಗೆ ಬಿದ್ದರೂ ಅದರಿಂದ ಯಾರಿಗೂ ನಾಲ್ಕಾಣೆ ಸಿಗುತ್ತಿರಲಿಲ್ಲ.

ಸಿಗುವಂತಾದದ್ದು ಆಧಾರ್‌ನಿಂದ. ಮೊದಲ ಆಧಾರ್ ಸಂಖ್ಯೆ ಕೊಟ್ಟದ್ದು 2010ರ ಸೆಪ್ಟೆಂಬರ್ 29ರಂದು, ಮಹಾರಾಷ್ಟ್ರದ ತೆಂಭ್ಲಿ ಎಂಬ ಹಳ್ಳಿಯಲ್ಲಿ. ಅದರ ಬೆನ್ನಿಗೇ ಬ್ಯಾಂಕು ಇಲ್ಲದ ಊರಿನಲ್ಲಿ ಬೆರಳಿಟ್ಟು ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆ ಬಂತು. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು ಇಷ್ಟಿದ್ದರೆ ಸಾಕು. ಪಿನ್ ಬೇಡ, ಒಟಿಪಿ ಬೇಡ. ವೃದ್ಧಾಪ್ಯ ವೇತನಕ್ಕಾಗಿ ಬಸ್ಸು ಹತ್ತಿ ಪೇಟೆಗೆ ಹೋಗುತ್ತಿದ್ದವರಿಗೆ ಇದು ದೊಡ್ಡ ಅನುಕೂಲ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಎಲ್ಲರೂ ನೋಡಲೆಂದು ಮಾಡಿದ ಕಾಗದದ ಮೇಲಿನ ಗುರುತೇ ಯಾರೂ ನೋಡಬಾರದ ಕೀಲಿಯೂ ಆಯಿತು. ಎರಡೂ ಸರ್ಕಾರದ್ದೇ ಏರ್ಪಾಡು. ಒಂದನ್ನು ಮಾಡಿದವರು ಇನ್ನೊಂದರ ಕಡೆ ತಿರುಗಿ ನೋಡಲಿಲ್ಲ.

ಸೂಚನೆ ಸಿಗದೆ ಇರಲಿಲ್ಲ. 2018ರಲ್ಲೇ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯಲ್ಲಿ ಒಬ್ಬ ಮೊಬೈಲ್ ಅಂಗಡಿಯವ ನೋಂದಣಿ ಇಲಾಖೆಯ ಜಾಲತಾಣದಿಂದ ಪತ್ರಗಳನ್ನು ಇಳಿಸಿಕೊಂಡು, ರಬ್ಬರ್ ಸ್ಟಾಂಪ್ ಮಾಡುವ ಯಂತ್ರದಲ್ಲಿ ಬೆರಳಚ್ಚು ತಯಾರಿಸಿ, ಸಾವಿರಾರು ಸಿಮ್ ಚಾಲೂ ಮಾಡಿ ಸಿಕ್ಕಿಬಿದ್ದಿದ್ದ. ಐದು ವರ್ಷದ ಮೇಲೆ ಸರದಿ ನಮ್ಮದಾಯಿತು. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆಯ ಠಾಣೆಗಳಿಗೆ ಒಂದೇ ಬಗೆಯ ದೂರುಗಳು ಬರತೊಡಗಿದವು: ಯಾರಿಗೂ ಒಟಿಪಿ ಹೇಳಿಲ್ಲ, ಯಾವ ಲಿಂಕೂ ಒತ್ತಿಲ್ಲ, ಆದರೂ ಖಾತೆಯಿಂದ ಹತ್ತು ಹತ್ತು ಸಾವಿರ ಹೋಗಿದೆ. ದೂರು ಕೊಟ್ಟವರಲ್ಲಿ ಬಹಳ ಮಂದಿ ಸ್ವಲ್ಪ ದಿನದ ಹಿಂದಷ್ಟೇ ಆಸ್ತಿ ನೋಂದಣಿಗೆ ಹೋಗಿಬಂದವರು. ಮಂಗಳೂರು ಪೊಲೀಸರು ಬಿಹಾರದ ಮೂವರನ್ನು ಹಿಡಿದಾಗ ಅವರ ಹತ್ತಿರ ಇಲ್ಲಿನ ನೋಂದಣಿ ಪತ್ರಗಳ ಪ್ರತಿಗಳಿದ್ದವು. ಪತ್ರದ ಬೆರಳಚ್ಚನ್ನು ಸಿಲಿಕಾನ್ ಮೇಲೆ ಇಳಿಸಿ ಯಂತ್ರಕ್ಕೆ ಒತ್ತಿದರೆ ಹಣ. ಆಮೇಲೆ ನೋಂದಣಿ ಇಲಾಖೆ ಆನ್‌ಲೈನ್ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಚಲು ಹೊರಟಿತು.

‘ಯಾರಿಗೂ ಹೇಳಬೇಡಿ, ಎಚ್ಚರವಾಗಿರಿ’ ಎಂಬ ಬೋಧನೆ ಈ ಪ್ರಕರಣದಲ್ಲಿ ಒಂದಿಷ್ಟೂ ಉಪಯೋಗಕ್ಕೆ ಬರುವುದಿಲ್ಲ. ಇಲ್ಲಿ ಹಣ ಕಳೆದುಕೊಂಡವರು ಎಡವಿದ್ದೆಲ್ಲಿ? ಕಾನೂನು ಕೇಳಿದ ಕಡೆ ಬೆರಳು ಕೊಟ್ಟರು, ಅಷ್ಟೇ. ಪಿನ್ ಕದ್ದರೆ ಹೊಸದು ಹಾಕಿಕೊಳ್ಳಬಹುದು. ಬೆರಳು ಇರುವುದು ಹತ್ತೇ.

ಅಡಿಕೆ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುವ ಹೆಂಗಸರ ಹೆಬ್ಬೆರಳು ಚೊಗರು ಹತ್ತಿ ಕಪ್ಪಾಗಿರುತ್ತದೆ, ಗೆರೆಗಳು ಸವೆದಿರುತ್ತವೆ. ಇಂಥ ಬೆರಳನ್ನು ನ್ಯಾಯಬೆಲೆ ಅಂಗಡಿಯ ಯಂತ್ರ ಸುಲಭಕ್ಕೆ ಒಪ್ಪುವುದಿಲ್ಲ. ಸೆರಗಿಗೆ ಒರೆಸಿ, ತಲೆಗೂದಲಿಗೆ ತಿಕ್ಕಿ ಎಣ್ಣೆಪಸೆ ಮಾಡಿ ಮತ್ತೆ ಇಡುತ್ತಾರೆ. ‘ಆ ಕೈ ಇಡಮ್ಮ, ಇನ್ನೊಂದು ಬೆರಳು ಇಡು’ ಎನ್ನುತ್ತಾನೆ ಅಂಗಡಿಯವನು. ಜೀವಂತ ಬೆರಳನ್ನು ಸತಾಯಿಸುವ ಇಂಥ ಯಂತ್ರಗಳೇ ಸಿಲಿಕಾನ್ ತುಂಡಿಗೆ ಮೋಸಹೋಗಿವೆ. ಬೆರಳು ಜೀವಂತವೇ ಎಂದು ಪರಖು ಮಾಡುವ ಹೊಸ ತಂತ್ರವನ್ನು ಆಧಾರ್ ಪ್ರಾಧಿಕಾರ 2023ರ ಫೆಬ್ರುವರಿಯಲ್ಲಿ ತಂದಿದೆ.

ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲೇ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು, ಅವರದೇ ಹೆಸರಿನ ಮೊಕದ್ದಮೆಯಲ್ಲಿ. ಅದೇ ವರ್ಷ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಇದಕ್ಕಿಂತ ಸಣ್ಣ ಸುದ್ದಿ, ಆದರೆ ಹಣ ಹೋದವನಿಗೆ ಕೂಡಲೇ ಬೇಕಾದದ್ದು ಅದೇ: ತಪ್ಪು ಗ್ರಾಹಕನದೂ ಅಲ್ಲದೆ ಬ್ಯಾಂಕಿನದೂ ಅಲ್ಲದೆ ಹೊರಗಿನವರಿಂದ ವಂಚನೆಯಾಗಿದ್ದರೆ, ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದವರಿಗೆ ನಷ್ಟವಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದರ ಜೊತೆಗೆ ಬ್ಯಾಂಕಿನಲ್ಲಿ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು ಎನ್ನುವುದು ಇದಕ್ಕೇ. ತೊಡಕೆಂದರೆ ಊರಿನ ಎಷ್ಟೋ ಹಿರಿಯರ ಖಾತೆಗೆ ಜೋಡಿಸಿರುವುದು ಬೆಂಗಳೂರಿನಲ್ಲಿರುವ ಮಗನ ನಂಬರು. ಸಂದೇಶ ಅವನಿಗೆ ಬರುತ್ತದೆ, ಅಪ್ಪ ತೆಗೆದಿರಬೇಕು ಅಂದುಕೊಂಡು ಸುಮ್ಮನಾಗುತ್ತಾನೆ.

ಹಣ ಕೊಡುವ ಕಡೆಯವರನ್ನು ಬಿಗಿಮಾಡಿದ್ದು ತಡವಾಗಿ. ಎಇಪಿಎಸ್ ಯಂತ್ರ ಹಿಡಿದು ಕೂತವರ ಪೂರ್ವಾಪರವನ್ನು ಬ್ಯಾಂಕುಗಳು ವಿಚಾರಿಸಬೇಕು, ಮೂರು ತಿಂಗಳು ವಹಿವಾಟು ಮಾಡದವರನ್ನು ಮತ್ತೆ ತಪಾಸಣೆ ಮಾಡಬೇಕು ಎಂದು ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೇಳಿತು. ಜಾರಿ 2026ರ ಜನವರಿ 1ರಿಂದ.

ಅಷ್ಟರಲ್ಲಿ ಹಳೆಯ ಪತ್ರಗಳ ಪ್ರತಿಗಳು ಎಲ್ಲೆಲ್ಲಿಗೆ ಹೋಗಿವೆಯೋ, ಅವನ್ನು ವಾಪಸು ಕರೆಯಲಾಗದು. ಜಮೀನು ನೋಂದಣಿ ಮಾಡಿಸಿದವರು ಮಾಡಬಹುದಾದ ಗಟ್ಟಿ ಕೆಲಸ ಒಂದಿದೆ: ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಬಯೊಮೆಟ್ರಿಕ್‌ಗೆ ಬೀಗ ಹಾಕುವುದು. ಬೀಗ ಬಿದ್ದ ಮೇಲೆ ಅಸಲಿ ಬೆರಳಿಗೂ ಹಣ ಬರುವುದಿಲ್ಲ, ಅಕ್ಕಿಯೂ ಬರುವುದಿಲ್ಲ. ಪಡಿತರದ ದಿನ ಅಪ್ಪ ಅಂಗಡಿಯ ಸಾಲಿನಿಂದ ಫೋನು ಮಾಡಬೇಕು, ಮಗ ಬೆಂಗಳೂರಿನಲ್ಲಿ ಕೂತು ಸ್ವಲ್ಪ ಹೊತ್ತಿನ ಮಟ್ಟಿಗೆ ಬೀಗ ತೆಗೆಯಬೇಕು, ‘ಈಗ ಒತ್ತು ಅಪ್ಪಾ’ ಎನ್ನಬೇಕು. ಸರ್ವರ್ ಕೈಕೊಟ್ಟರೆ ಮತ್ತೆ ಮೊದಲಿಂದ. ಅಕ್ಕಿ ಚೀಲಕ್ಕೆ ಬಿದ್ದ ಮೇಲೆ ಬೀಗ ಪುನಃ ಬಿದ್ದಿದೆಯೇ ಎಂದು ನೋಡುವುದೂ ಮಗನದೇ ಕೆಲಸ.